ಒಡೆಯುವ ಮುನ್ನ ಅಗೆದು ನೋಡಿ: ಮಧ್ಯಮ ಗಾತ್ರದ ನಗರಗಳ ಆಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ, ಆಯುಕ್ತರಿಗೆ ಮತ್ತು ಎಲ್ಲ ವಾರ್ಡುಗಳ ಸದಸ್ಯರಿಗೆ,

ನಿಮ್ಮ ಮೇಜಿನ ಮೇಲೆ ಈಗ ಒಂದು ಪುನರಭಿವೃದ್ಧಿ ಪ್ರಸ್ತಾವ ಇರಬಹುದು. ಹಳೆ ಮಾರುಕಟ್ಟೆ, ಬಾಗಿಲು ಮುಚ್ಚಿದ ಗಿರಣಿ, ಬಳಕೆ ತಪ್ಪಿದ ರೈಲ್ವೆ ಯಾರ್ಡು, ಊರ ನಡುವಿನ ಬಸ್ ನಿಲ್ದಾಣ, ಹೀಗೆ ಜಾಗ ಯಾವುದೇ ಇರಲಿ, ಪ್ರಸ್ತಾವದ ಮೊದಲ ಪುಟದಲ್ಲಿ ಗಾಜಿನ ಕಟ್ಟಡ, ಅಗಲವಾದ ರಸ್ತೆ, ಮರದ ನೆರಳಲ್ಲಿ ಓಡಾಡುವ ಜನ ಇದ್ದೇ ಇರುತ್ತಾರೆ. ಆ ಪುಟದ ಹಿಂದೆ ಇರಬೇಕಾಗಿದ್ದು, ಬಹಳ ಸಲ ಇಲ್ಲದೇ ಹೋಗುವ ಹಾಳೆಗಳ ಬಗ್ಗೆ ಈ ಪತ್ರ.

ನಾವು ನಗರ ಯೋಜನೆ, ಒಳಚರಂಡಿ ಮತ್ತು ರಸ್ತೆ ಎಂಜಿನಿಯರಿಂಗ್, ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ಈ ಮೂರು ಕೆಲಸಗಳಲ್ಲಿ ಇರುವವರು. ಹಳೆಯದೆಲ್ಲ ಹಾಗೇ ಇರಲಿ ಎನ್ನುವ ವಾದ ನಮ್ಮದಲ್ಲ. ಸೋರುವ ಮಾರುಕಟ್ಟೆಯನ್ನು ಸರಿಪಡಿಸಲೇಬೇಕು, ಪಾಳುಬಿದ್ದ ಗಿರಣಿ ಜಾಗಕ್ಕೆ ಮತ್ತೆ ಕೆಲಸ ಬರಲೇಬೇಕು. ಆದರೆ ಇಂಥ ಯೋಜನೆ ಗೆಲ್ಲುತ್ತದೋ ಸೋಲುತ್ತದೋ ಎನ್ನುವುದು ಕಟ್ಟಡ ಮೇಲೇಳುವ ಹೊತ್ತಿಗೆ ಹೆಚ್ಚೂಕಡಿಮೆ ತೀರ್ಮಾನವಾಗಿ ಹೋಗಿರುತ್ತದೆ. ಹಳೆ ಗೋಡೆಗೆ ಮೊದಲ ಏಟು ಬೀಳುವ ಮುನ್ನ ಏನೇನು ಅಳೆದಿರಿ, ಯಾರ ಹೆಸರು ಬರೆದುಕೊಂಡಿರಿ, ಕರಾರಿನಲ್ಲಿ ಏನು ಸೇರಿಸಿದಿರಿ ಎಂಬುದರಲ್ಲೇ ಅದರ ಭವಿಷ್ಯ ಇದೆ.

ದೊಡ್ಡ ಮಹಾನಗರದಲ್ಲಿ ಒಂದು ಯೋಜನೆ ಕೆಟ್ಟರೆ ಇನ್ನೊಂದು ಬಡಾವಣೆ ಅದರ ನಷ್ಟ ಹೊರುತ್ತದೆ. ಮಧ್ಯಮ ನಗರಕ್ಕೆ ಆ ಅನುಕೂಲ ಇಲ್ಲ. ಪೇಟೆ ಎಂದರೆ ಅಲ್ಲಿ ಒಂದೇ ಪೇಟೆ. ಎಂಜಿನಿಯರಿಂಗ್ ವಿಭಾಗದಲ್ಲಿ ಬೆರಳೆಣಿಕೆಯ ಜನ, ದೊಡ್ಡ ಟೆಂಡರಿಗೆ ಬರುವವರು ಒಬ್ಬರೋ ಇಬ್ಬರೋ. ಐದು ವರ್ಷ ಪೇಟೆಯ ನಡುಭಾಗ ತಗಡಿನ ಬೇಲಿಯ ಹಿಂದೆ ಉಳಿದರೆ ಇಡೀ ಊರಿನ ವ್ಯಾಪಾರವೇ ದಿಕ್ಕು ಬದಲಿಸಿ ಹೆದ್ದಾರಿ ಕಡೆಗೆ ಹೋಗಿಬಿಡುತ್ತದೆ, ಮತ್ತೆ ತಿರುಗಿ ಬರುವುದು ಅಪರೂಪ.

ಈ ವಿಷಯದ ಚರ್ಚೆಯಲ್ಲಿ ಸ್ಪೇನಿನ ಬಿಲ್ಬಾವೊ ನಗರದ ಹೆಸರು ಬಂದೇ ಬರುತ್ತದೆ. 1997ರಲ್ಲಿ ಅಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ತೆರೆಯಿತು, ಹಡಗುಕಟ್ಟೆ ಮುಚ್ಚಿ ಸೊರಗಿದ್ದ ಊರು ಚೇತರಿಸಿಕೊಂಡಿತು. ಇದನ್ನು ಕೇಳಿದವರು ನಮಗೂ ಅಂಥದೊಂದು ಕಟ್ಟಡ ಬೇಕು ಎನ್ನುತ್ತಾರೆ. ಆದರೆ ಆ ಊರಿನ ಕೊಳಚೆ ನೀರನ್ನು ನದಿಗೆ ಬಿಡದೆ ಶುದ್ಧೀಕರಿಸುವ ಯೋಜನೆ ರೂಪುಗೊಂಡದ್ದು 1979ರಲ್ಲಿ, ಮ್ಯೂಸಿಯಂ ತೆರೆಯುವುದಕ್ಕೆ 18 ವರ್ಷ ಮೊದಲು. ಅದಕ್ಕೆ ಆದ ಖರ್ಚು ಮ್ಯೂಸಿಯಂ ಖರ್ಚಿನ ಹಲವು ಪಟ್ಟು. 1992ರಲ್ಲಿ ಬಿಲ್ಬಾವೊ ರಿಯಾ 2000 ಎಂಬ ಸರ್ಕಾರಿ ಒಡೆತನದ ಸಂಸ್ಥೆ ಹುಟ್ಟಿತು. ಬಂದರು, ರೈಲ್ವೆ ಮೊದಲಾದ ಸಾರ್ವಜನಿಕ ಸಂಸ್ಥೆಗಳು ಬಳಸದ ಜಾಗವನ್ನು ಅದಕ್ಕೆ ಒಪ್ಪಿಸಿದವು. ಜಾಗ ಮಾರಿ ಬಂದ ಹಣ ರೈಲು ಹಳಿ ಸ್ಥಳಾಂತರಕ್ಕೆ, ನದಿ ದಂಡೆಗೆ, ಬೀದಿಗಳಿಗೆ ಹೋಯಿತು. ಮೆಟ್ರೊ ಓಡತೊಡಗಿದ್ದು 1995ರಲ್ಲಿ. ಮ್ಯೂಸಿಯಂ ಬರುವಷ್ಟರಲ್ಲಿ ನದಿ ನಾರುವುದು ಕಡಿಮೆಯಾಗಿತ್ತು, ಬಂದವರು ಓಡಾಡಲು ದಾರಿ ಸಿದ್ಧವಾಗಿತ್ತು. ಕಟ್ಟಡವೊಂದನ್ನು ನಕಲು ಮಾಡಿ, ಅದಕ್ಕಿಂತ ಮೊದಲಿನ 18 ವರ್ಷದ ಕೆಲಸವನ್ನು ಬಿಟ್ಟರೆ ಕೈಗೆ ಸಿಗುವುದು ಕಟ್ಟಡವೊಂದೇ.

ಹಾಗಾಗಿ ನೆಲದಡಿಯಿಂದಲೇ ಶುರು ಮಾಡೋಣ. ಹಳೆ ಪೇಟೆಯ ರಸ್ತೆ ಕೆಳಗೆ ಏನಿದೆ ಎಂಬುದಕ್ಕೆ ಕಚೇರಿಯಲ್ಲಿರುವ ನಕ್ಷೆಯನ್ನು ನಂಬಬೇಡಿ. ನಕ್ಷೆಯಲ್ಲಿ ಎಡಬದಿಗಿರುವ ನೀರಿನ ಕೊಳವೆ ನೆಲದಲ್ಲಿ ಬಲಬದಿಗಿರುತ್ತದೆ, ಮುಚ್ಚಿದೆ ಎಂದು ಬರೆದ ಚರಂಡಿಯಲ್ಲಿ ನೀರು ಹರಿಯುತ್ತಿರುತ್ತದೆ. ಯೋಜನೆ ತಡವಾಗಲು, ಖರ್ಚು ಏರಲು ಕೊಳವೆ ಮತ್ತು ಕೇಬಲ್ ಸ್ಥಳಾಂತರದಷ್ಟು ಸಾಮಾನ್ಯ ಕಾರಣ ಬೇರೆ ಕಡಿಮೆ. ಟೆಂಡರ್ ಕರೆಯುವ ಮೊದಲು ಪ್ರತಿ 50 ಮೀಟರಿಗೊಂದು ಪರೀಕ್ಷಾ ಗುಂಡಿ ತೋಡಿಸಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆಯಿಂದ ಎರಡು ಮೀಟರ್ ಆಳ ಸಾಕು. ಯಂತ್ರ ಬೇಡ, ಕೈಯಿಂದಲೇ ಅಗೆಯಲಿ. ಸಿಕ್ಕ ಪ್ರತಿ ಕೊಳವೆಯ ವ್ಯಾಸ, ಆಳ, ಯಾವುದರಿಂದ ಮಾಡಿದ್ದು ಎಂಬುದನ್ನು ಬರೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಲಿ. ಒಳಚರಂಡಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಚಿತ್ರ ತೆಗೆಸಿ. ಇಡೀ ಯೋಜನೆಯ ವೆಚ್ಚದ ಮುಂದೆ ಇದರ ಖರ್ಚು ತೀರ ಸಣ್ಣದು. ಇದನ್ನು ಉಳಿಸಲು ಹೋಗಿ ಆಮೇಲೆ ಗುತ್ತಿಗೆದಾರನಿಗೆ ಕೊಡಬೇಕಾಗುವ ಹೆಚ್ಚುವರಿ ಬಿಲ್ಲು ಮಾತ್ರ ಸಣ್ಣದಾಗಿರುವುದಿಲ್ಲ.

ಆಮೇಲೆ ಹೊರೆಯ ಲೆಕ್ಕ. ಹೊಸ ಕಟ್ಟಡಗಳಲ್ಲಿ 4,000 ಜನ ಬಂದು ನೆಲೆಸುತ್ತಾರೆ, ತಲಾ ದಿನಕ್ಕೆ 135 ಲೀಟರ್ ನೀರು ಎಂದು ಇಟ್ಟುಕೊಳ್ಳಿ. ಅದರಲ್ಲಿ ಶೇ. 80ರಷ್ಟು ಚರಂಡಿಗೆ ಬಂದರೆ ದಿನಕ್ಕೆ 4,32,000 ಲೀಟರ್, ಅಂದರೆ ಸರಾಸರಿ ಸೆಕೆಂಡಿಗೆ 5 ಲೀಟರ್. ಆದರೆ ಚರಂಡಿಯನ್ನು ಸರಾಸರಿಗೆ ವಿನ್ಯಾಸ ಮಾಡುವಂತಿಲ್ಲ. ಬೆಳಗಿನ ಹೊತ್ತು ಹರಿವು ಮೂರು ಪಟ್ಟು ಏರುತ್ತದೆ, ಸೆಕೆಂಡಿಗೆ 15 ಲೀಟರ್ ಆಗುತ್ತದೆ. ಈಗಾಗಲೇ ಮುಕ್ಕಾಲು ತುಂಬಿ ಹರಿಯುತ್ತಿರುವ ಕೊಳವೆಗೆ ಇದನ್ನು ಸೇರಿಸಿದರೆ ಕೆಳಗಿನ ಬೀದಿಯ ಮ್ಯಾನ್‌ಹೋಲು ಉಕ್ಕುತ್ತದೆ. ಹೊಸ ಕಟ್ಟಡದವರಿಗೆ ಏನೂ ಗೊತ್ತಾಗುವುದಿಲ್ಲ, ತೊಂದರೆಯೆಲ್ಲ ತಗ್ಗಿನ ಬೀದಿಯ ಹಳೆ ಮನೆಗಳದು. ಇಳಿಜಾರೂ ಸಿಗಬೇಕು. ಕೊಳವೆಯಲ್ಲಿ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹರಿಯದಿದ್ದರೆ ಮಡ್ಡಿ ತಳದಲ್ಲಿ ಕೂರುತ್ತದೆ. 150 ಮಿಲಿಮೀಟರ್ ಕೊಳವೆಗೆ ಸುಮಾರು 150ಕ್ಕೆ 1ರ ಇಳಿಜಾರು ಎಂದರೆ 100 ಮೀಟರ್ ಉದ್ದಕ್ಕೆ 67 ಸೆಂಟಿಮೀಟರ್ ಇಳಿತ ಬೇಕು. ಸಮತಟ್ಟಾದ ಊರಿನಲ್ಲಿ ಅಷ್ಟು ಇಳಿತ ಸಿಗುವುದಿಲ್ಲ, ಪಂಪ್ ಹಾಕಬೇಕಾಗುತ್ತದೆ, ಪಂಪಿಗೆ ಕರೆಂಟು ಮತ್ತು ಕೆಲಸಗಾರ ಶಾಶ್ವತವಾಗಿ ಬೇಕು. ಪ್ರಸ್ತಾವದಲ್ಲಿ ಆ ಪಂಪು ಎಲ್ಲಿದೆ ಎಂದು ಕೇಳಿ.

ಮಳೆನೀರಿನ ಲೆಕ್ಕ ಇನ್ನೂ ನಿಷ್ಠುರ. ಗಂಟೆಗೆ 60 ಮಿಲಿಮೀಟರಿನಂತೆ ಮಳೆ ಸುರಿಯುತ್ತಿದೆ, ಜಾಗ 10 ಹೆಕ್ಟೇರ್. ಅರ್ಧದಷ್ಟು ಮಣ್ಣು, ಮರ, ಖಾಲಿ ಅಂಗಳ ಇದ್ದಾಗ ಬಿದ್ದ ನೀರಿನ ಅರ್ಧ ಭಾಗ ಹರಿದುಬಂದರೆ ಸೆಕೆಂಡಿಗೆ ಸುಮಾರು 830 ಲೀಟರ್. ಎಲ್ಲವನ್ನೂ ಕಾಂಕ್ರೀಟು ಮತ್ತು ಕಲ್ಲುಹಾಸು ಮಾಡಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು ಹರಿದುಬರುತ್ತದೆ, ಸೆಕೆಂಡಿಗೆ 1,500 ಲೀಟರ್. ಹಳೆ ಮಳೆನೀರು ಚರಂಡಿಯ ಅಗಲ ಮಾತ್ರ ಹಿಂದಿನಷ್ಟೇ. ಈ ವ್ಯತ್ಯಾಸವನ್ನು ಅರ್ಧ ಗಂಟೆ ಹಿಡಿದಿಡಲು ಹೆಕ್ಟೇರಿಗೆ ಸುಮಾರು 120 ಘನ ಮೀಟರ್ ತೊಟ್ಟಿ, ಇಂಗುಗುಂಡಿ ಅಥವಾ ತಗ್ಗಿನ ಉದ್ಯಾನ ಬೇಕು. 10 ಹೆಕ್ಟೇರಿಗೆ 1,200 ಘನ ಮೀಟರ್. ಇದಕ್ಕೆ ಜಾಗ ನಕ್ಷೆಯಲ್ಲಿ ಮೊದಲೇ ಇರದಿದ್ದರೆ ಆಮೇಲೆ ಎಲ್ಲಿಂದಲೂ ಹುಟ್ಟುವುದಿಲ್ಲ. ಇನ್ನೊಂದು ವಿಷಯ: ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ 50 ಮಿಲಿಮೀಟರ್ ಹೊಸ ಪದರ ಹಾಕುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ. ಮೂರು ಸಲ ಹೀಗೆ ಮಾಡಿದರೆ ರಸ್ತೆ 15 ಸೆಂಟಿಮೀಟರ್ ಏರುತ್ತದೆ, ಅಂಗಡಿಯ ಹೊಸ್ತಿಲು ರಸ್ತೆಗಿಂತ ಕೆಳಗಾಗುತ್ತದೆ, ನೀರು ಒಳಗೆ ನುಗ್ಗುತ್ತದೆ.

ನೆಲಮಾಳಿಗೆ ಪಾರ್ಕಿಂಗ್ ಇದ್ದರೆ ಅಂತರ್ಜಲದ ಮಟ್ಟವನ್ನು ಬೇಸಿಗೆಯಲ್ಲಿ ಒಂದು ಸಲ ಅಳೆದು ಸುಮ್ಮನಾಗಬೇಡಿ, ಮಳೆಗಾಲದ ಕೊನೆಯಲ್ಲೂ ಅಳೆಯಿರಿ. ಅಗೆಯುವಾಗ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾರಲ್ಲ, ಆಗ ಅಕ್ಕಪಕ್ಕದ ಮಣ್ಣು ಕುಗ್ಗಿ ಹಳೆ ಕಟ್ಟಡಗಳು ಬಿರುಕು ಬಿಡುತ್ತವೆ. ಮೇಲಿನ ಮಹಡಿಗಳ ಭಾರ ಬರುವ ಮೊದಲೇ ಪಂಪ್ ನಿಲ್ಲಿಸಿದರೆ ನೆಲಮಾಳಿಗೆಯನ್ನೇ ನೀರು ಮೇಲಕ್ಕೆ ಎತ್ತುವ ಅಪಾಯವೂ ಇದೆ. ಸುತ್ತಲಿನ ಪ್ರತಿ ಕಟ್ಟಡದ ಈಗಿನ ಬಿರುಕುಗಳ ಫೋಟೊ ಮತ್ತು ಅಳತೆ ಕೆಲಸ ಶುರುವಾಗುವ ಮೊದಲೇ ಮಾಲೀಕರ ಸಹಿಯೊಂದಿಗೆ ದಾಖಲಾಗಿರಬೇಕು. ಇಲ್ಲದಿದ್ದರೆ ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂದು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆಯುತ್ತದೆ. ಗಿರಣಿ, ಬಣ್ಣದ ಕಾರ್ಖಾನೆ, ಪೆಟ್ರೋಲ್ ಬಂಕ್ ಇದ್ದ ಜಾಗವಾದರೆ ಮಣ್ಣಿನಲ್ಲಿ ಸೀಸ, ಎಣ್ಣೆ, ಡಾಂಬರಿನ ಅಂಶ ಎಷ್ಟಿದೆ ಎಂಬ ಪರೀಕ್ಷೆಯನ್ನು ಮಾರಾಟಕ್ಕೆ ಮೊದಲೇ ಮಾಡಿಸಬೇಕು. ಆಮೇಲೆ ತಿಳಿದರೆ ಆ ಮಣ್ಣು ತೆಗೆದು ಸಾಗಿಸುವ ಖರ್ಚು ನಗರದ ತಲೆಗೇ ಬರುತ್ತದೆ.

ಇನ್ನು ಹಣ. ಅನುದಾನ ಬಂದಿದೆ, ಆದ್ದರಿಂದ ಇದು ನಮಗೆ ಉಚಿತ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕಟ್ಟುವ ಹಣ ಒಂದು ಸಲ ಬರುತ್ತದೆ. ಕಾಪಾಡುವ ಹಣವನ್ನು ಪ್ರತಿ ವರ್ಷ ನೀವೇ ಹೊಂದಿಸಬೇಕು. ಸಾರ್ವಜನಿಕ ಕಟ್ಟಡವನ್ನು ಸುಸ್ಥಿತಿಯಲ್ಲಿಡಲು ಅದನ್ನು ಇಂದು ಹೊಸದಾಗಿ ಕಟ್ಟಲು ತಗಲುವ ವೆಚ್ಚದ ಶೇ. 2ರಿಂದ 4ರಷ್ಟು ವರ್ಷಕ್ಕೆ ಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಶೇ. 3 ಹಿಡಿದರೂ 30 ವರ್ಷದಲ್ಲಿ ಕಟ್ಟಡದ ವೆಚ್ಚದ ಶೇ. 90 ನಿರ್ವಹಣೆಗೇ ಹೋಯಿತು. ಬಿಡಿಬಿಡಿಯಾಗಿ ನೋಡಿದರೆ ಇನ್ನೂ ಸ್ಪಷ್ಟ. ಡಾಂಬರಿನ ಮೇಲ್ಪದರ 7ರಿಂದ 10 ವರ್ಷ, ತಾರಸಿಯ ನೀರುತಡೆ ಪದರ ಮತ್ತು ಪಂಪು 10ರಿಂದ 15 ವರ್ಷ, ಲಿಫ್ಟು 20ರಿಂದ 25 ವರ್ಷ ಬಾಳುತ್ತವೆ. 50,000 ಗಂಟೆಯ ಎಲ್‌ಇಡಿ ದೀಪ ದಿನಕ್ಕೆ 12 ಗಂಟೆ ಉರಿದರೆ ಸುಮಾರು ಹನ್ನೊಂದೂವರೆ ವರ್ಷಕ್ಕೆ ಮುಗಿಯುತ್ತದೆ. ಇವೆಲ್ಲವೂ ಒಟ್ಟಿಗೆ ಹಾಕಿದವು, ಹಾಗಾಗಿ ಒಟ್ಟಿಗೇ ಮುಪ್ಪಾಗುತ್ತವೆ. ಹತ್ತು ಹನ್ನೆರಡನೇ ವರ್ಷದಲ್ಲಿ ಒಮ್ಮೆಗೇ ದೊಡ್ಡ ಖರ್ಚು ಎದುರಾಗುವುದು ಇದರಿಂದ. ಪ್ರತಿ ವಸ್ತುವಿನ ಮುಂದೆ ಅದರ ಆಯಸ್ಸು, ಬದಲಿಸುವ ವರ್ಷ, ಅಂದಾಜು ವೆಚ್ಚ, ಹಣದ ಮೂಲ ಬರೆದ 30 ವರ್ಷದ ಹಾಳೆಯೊಂದನ್ನು ಪ್ರಸ್ತಾವದ ಜೊತೆಗೇ ಸಭೆಯ ಮುಂದಿಡಬೇಕೆಂದು ನಾವು ಕೇಳುತ್ತಿದ್ದೇವೆ. ಹಣದ ಮೂಲದ ಅಂಕಣ ಖಾಲಿ ಇದ್ದರೆ ಯೋಜನೆಯನ್ನು ಚಿಕ್ಕದು ಮಾಡಿ.

ಆದಾಯ ಎಲ್ಲಿಂದ ಬರುತ್ತದೆ ಎಂಬುದರಲ್ಲೂ ಕಣ್ಣು ತಪ್ಪುತ್ತದೆ. ಅಮೆರಿಕದ ಉತ್ತರ ಕೆರೊಲಿನಾದ ಆ್ಯಶ್‌ವಿಲ್ ನಗರದಲ್ಲಿ ಎಕರೆವಾರು ತೆರಿಗೆ ಲೆಕ್ಕ ಹಾಕಿದ್ದರು. ಹೊರವಲಯದ ವಿಶಾಲ ಪಾರ್ಕಿಂಗಿನ ದೊಡ್ಡ ಅಂಗಡಿಯಿಂದ ಎಕರೆಗೆ ವರ್ಷಕ್ಕೆ ಸುಮಾರು 6,500 ಡಾಲರ್ ಆಸ್ತಿ ತೆರಿಗೆ ಬರುತ್ತಿದ್ದರೆ, ಊರ ನಡುವೆ ಕೆಳಗೆ ಅಂಗಡಿ, ಮೇಲೆ ಕಚೇರಿ ಮತ್ತು ಮನೆ ಇದ್ದ, ದುರಸ್ತಿ ಮಾಡಿದ ಹಳೆ ಕಟ್ಟಡದಿಂದ ಎಕರೆಗೆ ಸುಮಾರು 6,34,000 ಡಾಲರ್ ಬರುತ್ತಿತ್ತು. ಒಟ್ಟು ತೆರಿಗೆ ನೋಡಿದರೆ ದೊಡ್ಡ ಅಂಗಡಿ ದೊಡ್ಡದಾಗಿಯೇ ಕಾಣುತ್ತದೆ, ಅದು ತಿನ್ನುವ ನೆಲ, ರಸ್ತೆ, ಕೊಳವೆಯ ಉದ್ದ ನೋಡಿದಾಗ ಚಿತ್ರ ತಲೆಕೆಳಗಾಗುತ್ತದೆ. ನಿಮ್ಮ ನಗರದಲ್ಲೂ ಈ ಲೆಕ್ಕ ಹಾಕುವುದು ಕಷ್ಟವಲ್ಲ. ಆಸ್ತಿ ತೆರಿಗೆ ವಹಿ ಮತ್ತು ನಿವೇಶನದ ಅಳತೆ ಎರಡೂ ನಿಮ್ಮಲ್ಲೇ ಇವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ನಕ್ಷೆಯ ಮೇಲೆ ಬಣ್ಣ ತುಂಬಿಸಿ. ಕೆಡವಬೇಕೆಂದುಕೊಂಡ ಹಳೆ ಬೀದಿಯೇ ಊರಿಗೆ ಹೆಚ್ಚು ಕೊಡುತ್ತಿದೆ ಎಂದು ಗೊತ್ತಾಗಬಹುದು.

ಮುಂದೆ ಏರುವ ತೆರಿಗೆಯನ್ನು ಇಂದೇ ಅಡವಿಟ್ಟು ಸಾಲ ತರುವ ಪದ್ಧತಿಯೊಂದಿದೆ. ಪ್ರದೇಶದ ಈಗಿನ ತೆರಿಗೆಯನ್ನು ಆಧಾರವಾಗಿ ನಿಲ್ಲಿಸಿ, ಮುಂದಿನ ಏರಿಕೆಯನ್ನೆಲ್ಲ ಸಾಲ ತೀರಿಸಲು ಮೀಸಲಿಡುವುದು. ಕ್ಯಾಲಿಫೋರ್ನಿಯಾ 1952ರಲ್ಲಿ ಇದನ್ನು ಶುರು ಮಾಡಿತು, 2012ರಲ್ಲಿ ಅಲ್ಲಿನ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳನ್ನು ರಾಜ್ಯವೇ ಮುಚ್ಚಿತು. ಶಾಲೆ ಮತ್ತಿತರ ಸೇವೆಗಳಿಗೆ ಹೋಗಬೇಕಾದ ತೆರಿಗೆ ಈ ಸಂಸ್ಥೆಗಳ ಪಾಲಾಗುತ್ತಿದೆ ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಪದ್ಧತಿ ಪೂರ್ತಿ ಕೆಟ್ಟದೆಂದು ನಾವು ಹೇಳುವುದಿಲ್ಲ. ಆದರೆ ಊರಿನ ಇನ್ನೊಂದು ಬೀದಿಯಿಂದ ಎದ್ದುಬಂದ ಅಂಗಡಿ ಕಟ್ಟುವ ತೆರಿಗೆಯನ್ನು ಏರಿಕೆ ಎಂದು ಎಣಿಸಬೇಡಿ, ಅದು ಜಾಗ ಬದಲಿಸಿದ ಹಣ ಅಷ್ಟೇ. ಯೋಜನೆ ಎರಡು ವರ್ಷ ತಡವಾದರೂ, ಕಾಲುಭಾಗ ಮಳಿಗೆ ಖಾಲಿ ಉಳಿದರೂ ಕಂತು ಕಟ್ಟಲು ಸಾಧ್ಯವೇ ಎಂದು ನೋಡಿದ ಮೇಲೆಯೇ ಸಾಲಕ್ಕೆ ಸಹಿ ಹಾಕಿ. ಅದೇ ರಾಜ್ಯದ ಸ್ಟಾಕ್ಟನ್, ಸುಮಾರು ಮೂರು ಲಕ್ಷ ಜನರ ನಗರ, ಕ್ರೀಡಾಂಗಣಕ್ಕೂ ನೀರದಂಡೆಗೂ ಸಾಲ ಎತ್ತಿತ್ತು. ನಿವೃತ್ತ ನೌಕರರಿಗೆ ಕೊಡಬೇಕಾದ ಹಣದ ಹೊರೆಯೂ ಇತ್ತು, ಮನೆಗಳ ಬೆಲೆ ಕುಸಿಯಿತು, 2012ರಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಆಡಳಿತ ಕಚೇರಿಗೆಂದು ಕೊಂಡಿದ್ದ ಕಟ್ಟಡವೂ ಪಾರ್ಕಿಂಗ್ ಕಟ್ಟಡಗಳೂ ಸಾಲ ಕೊಟ್ಟವರ ಕೈಸೇರಿದವು.

ಒಬ್ಬ ದೊಡ್ಡ ಹೂಡಿಕೆದಾರನ ಮೇಲೆ ಇಡೀ ಪೇಟೆಯನ್ನು ನಿಲ್ಲಿಸುವುದು ಇನ್ನೊಂದು ಅಪಾಯ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ನಗರ, ಫೈಜರ್ ಕಂಪನಿಯ ಸಂಶೋಧನಾ ಕೇಂದ್ರದ ಪಕ್ಕದ ಮನೆಗಳನ್ನು ಆರ್ಥಿಕ ಅಭಿವೃದ್ಧಿಯ ಹೆಸರಿನಲ್ಲಿ ವಶಪಡಿಸಿಕೊಂಡಿತು. ಮನೆಯವರು ಆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋದರು, 2005ರಲ್ಲಿ 5–4 ಬಹುಮತದಿಂದ ನಗರ ಗೆದ್ದಿತು. ಉದ್ದೇಶಿಸಿದ ಕಟ್ಟಡಗಳಿಗೆ ಹಣ ಹೊಂದಲಿಲ್ಲ. 2009ರಲ್ಲಿ ಕಂಪನಿಯೂ ಊರು ಬಿಡುವುದಾಗಿ ಪ್ರಕಟಿಸಿತು. ಮನೆಗಳಿದ್ದ ನೆಲ ವರ್ಷಗಟ್ಟಲೆ ಹುಲ್ಲು ಬೆಳೆದು ಬಿದ್ದಿತ್ತು.

ಇಂಗ್ಲೆಂಡಿನ ಪ್ರೆಸ್ಟನ್ ಇಂಥದೇ ಪೆಟ್ಟು ತಿಂದು ಬೇರೆ ದಾರಿ ಹಿಡಿದ ಊರು. ಊರ ನಡುವಿನ 70 ಕೋಟಿ ಪೌಂಡಿನ ಅಂಗಡಿ ಸಂಕೀರ್ಣದ ಯೋಜನೆ, ಅದರ ಮುಖ್ಯ ಅಂಗಡಿಯವರು ಹಿಂದೆ ಸರಿದಾಗ 2011ರಲ್ಲಿ ಮುರಿದುಬಿತ್ತು. ಆಗ ನಗರಾಡಳಿತ, ಜಿಲ್ಲಾಡಳಿತ, ಪೊಲೀಸ್, ಕಾಲೇಜು, ವಸತಿ ಸಂಸ್ಥೆ ಒಟ್ಟು ಕುಳಿತು ತಾವು ಪ್ರತಿ ವರ್ಷ ಮಾಡುವ ಖರೀದಿಯ ಹಣ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದವು. 2012–13ರಲ್ಲಿ ಆ ಹಣದ ಶೇ. 5 ಮಾತ್ರ ಊರೊಳಗೆ ಉಳಿಯುತ್ತಿತ್ತು. 2016–17ರ ಹೊತ್ತಿಗೆ ಅದು ಶೇ. 18 ದಾಟಿತು. ಮಾಡಿದ್ದು ಸರಳ ಕೆಲಸ. ಪ್ರತಿ ಸಂಸ್ಥೆಯ 300 ದೊಡ್ಡ ಸರಬರಾಜುದಾರರ ಪಟ್ಟಿ ಮಾಡಿ, ಯಾವುದು ಊರಲ್ಲೇ ಸಿಗಬಹುದು ಎಂದು ಗುರುತಿಸಿ, ದೊಡ್ಡ ಗುತ್ತಿಗೆಯನ್ನು ಸಣ್ಣವರು ಹಿಡಿಯಬಲ್ಲ ತುಂಡುಗಳಾಗಿ ಮಾಡಿದರು. ನೀವು ಇದಕ್ಕೆ ಇನ್ನೊಂದನ್ನು ಸೇರಿಸಬಹುದು: ಬಿಲ್ಲನ್ನು 30 ದಿನದೊಳಗೆ ಪಾವತಿಸುವುದು. ಹಣ ಆರು ತಿಂಗಳು ತಡವಾಗುವ ಕಚೇರಿಯ ಕೆಲಸವನ್ನು ಸಾಲ ತರಲಾಗದ ಸಣ್ಣ ಗುತ್ತಿಗೆದಾರ ಹಿಡಿಯುವುದೇ ಇಲ್ಲ, ಟೆಂಡರ್ ಎಷ್ಟೇ ಚಿಕ್ಕದಿದ್ದರೂ.

ಇನ್ನು ನೀವು ಒಡೆಯಲಿರುವ ಜಾಗದಲ್ಲಿ ಈಗಾಗಲೇ ದುಡಿಯುತ್ತಿರುವವರ ವಿಷಯ. ಪತ್ರದಲ್ಲಿ ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇವೆ, ಏಕೆಂದರೆ ಪ್ರಸ್ತಾವಗಳಲ್ಲಿ ಇದಕ್ಕೆ ಸಿಗುವುದು ಪುನರ್ವಸತಿ ಎಂಬ ಒಂದು ಸಾಲು. ಅಮೆರಿಕದ ಪಿಟ್ಸ್‌ಬರ್ಗ್ ನಗರ ತನ್ನ ಲೋವರ್ ಹಿಲ್ ಪ್ರದೇಶದಲ್ಲಿ ಸುಮಾರು 8,000 ಜನರನ್ನೂ 400 ವ್ಯಾಪಾರಗಳನ್ನೂ ತೆರವು ಮಾಡಿ 1961ರಲ್ಲಿ ದೊಡ್ಡ ಅರೀನಾ, ಅಂದರೆ ಒಳಾಂಗಣ ಕ್ರೀಡಾಂಗಣ, ತೆರೆಯಿತು. ಅರ್ಧ ಶತಮಾನದ ನಂತರ ಅರೀನಾವನ್ನೂ ಕೆಡವಿದರು. ಆ ಜಾಗದ ಬಹುಪಾಲು ಅದಾದ ಮೇಲೂ ವರ್ಷಗಟ್ಟಲೆ ಕಾರು ನಿಲ್ಲಿಸುವ ಬಯಲಾಗಿತ್ತು.

ನಿಮ್ಮದು ಮಾರುಕಟ್ಟೆಯಾದರೆ, ಅಲ್ಲಿ ದುಡಿಯುವವರ ಸಮೀಕ್ಷೆಯನ್ನು ಒಂದೇ ದಿನದಲ್ಲಿ ಮುಗಿಸಬೇಡಿ. ಬೆಳಗಿನ ಜಾವ ಬಂದು ಒಂಬತ್ತಕ್ಕೆ ಹೋಗುವವರು, ಸಂಜೆ ಮಾತ್ರ ಕೂರುವವರು, ವಾರದ ಒಂದು ದಿನ ಬರುವವರು ಎಲ್ಲರೂ ಆ ಮಾರುಕಟ್ಟೆಯವರೇ. ಕೆಲಸದ ದಿನ, ರಜಾ ದಿನ, ಸಂತೆ ದಿನ ಮೂರರಲ್ಲೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಣಿಸಿ. ಹೆಸರು, ಫೋಟೊ, ಏನು ಮಾರುತ್ತಾರೆ, ಎಷ್ಟು ಮೀಟರ್ ಮುಂಭಾಗ, ನೀರು ಮತ್ತು ಕರೆಂಟು ಎಷ್ಟು ಬೇಕು, ರಾತ್ರಿ ಸರಕನ್ನು ಎಲ್ಲಿಡುತ್ತಾರೆ ಎಂಬುದೆಲ್ಲ ಬರೆಯಿರಿ. ಪರವಾನಗಿ ಒಬ್ಬರ ಹೆಸರಲ್ಲಿದ್ದು ಅಂಗಡಿ ನಡೆಸುವವರು ಇನ್ನೊಬ್ಬರಾದರೆ ಇಬ್ಬರ ಹೆಸರೂ ಇರಲಿ. ಹಮಾಲರು, ಗಾಡಿ ಎಳೆಯುವವರು, ಚಹಾ ಮಾರುವವರು ಬಿಟ್ಟುಹೋಗದಿರಲಿ. ಸಮೀಕ್ಷೆ ಶುರುವಾದ ದಿನವನ್ನೇ ಅರ್ಹತೆಯ ಗಡುವೆಂದು ಆ ದಿನವೇ ಪ್ರಕಟಿಸಿ, ಇಲ್ಲದಿದ್ದರೆ ವಾರದೊಳಗೆ ಹೊಸ ಗೂಡಂಗಡಿಗಳು ಏಳುತ್ತವೆ. ಪಟ್ಟಿಯನ್ನು ಮಾರುಕಟ್ಟೆಯ ಗೋಡೆಗೇ ಅಂಟಿಸಿ, ತಿದ್ದುಪಡಿಗೆ ಕನಿಷ್ಠ 30 ದಿನ ಕೊಡಿ. ಕೆಡವುವ ಮೊದಲೇ ಪ್ರತಿಯೊಬ್ಬರ ಕೈಯಲ್ಲಿ ಹೊಸ ಮಳಿಗೆಯ ಸಂಖ್ಯೆ, ಅಳತೆ, ಮಹಡಿ, ಬಾಡಿಗೆ ಬರೆದ, ಅಧಿಕಾರಿಯ ಸಹಿ ಇರುವ ಹಂಚಿಕೆ ಪತ್ರ ಇರಬೇಕು. ಆಮೇಲೆ ಕೊಡುತ್ತೇವೆ ಎಂಬ ಮಾತು, ಅಧಿಕಾರಿ ವರ್ಗವಾದ ಮೇಲೆ ಯಾರ ಮಾತೂ ಅಲ್ಲ.

ತಾತ್ಕಾಲಿಕ ಮಾರುಕಟ್ಟೆ 300 ಮೀಟರಿನೊಳಗೆ ಇರಲಿ, ಗಿರಾಕಿಗಳು ಈಗ ನಡೆದುಬರುವ ದಾರಿಯಲ್ಲೇ ಇರಲಿ. ಊರಾಚೆ ಜಾಗ ಸಿಗುತ್ತದೆ, ಅಲ್ಲಿ ಗಿರಾಕಿ ಸಿಗುವುದಿಲ್ಲ. ನೀರು, ಶೌಚಾಲಯ, ದೀಪ, ಬೀಗ ಹಾಕುವ ದಾಸ್ತಾನು ಕೋಣೆ ಎಲ್ಲ ಮುಗಿದು ವ್ಯಾಪಾರ ಶುರುವಾದ ನಂತರವೇ ಹಳೆಯದನ್ನು ಮುಟ್ಟಿ. ಸಾಧ್ಯವಾದರೆ ಹಳೆಯದನ್ನೂ ಎರಡೋ ಮೂರೋ ಭಾಗ ಮಾಡಿ ಒಂದೊಂದಾಗಿ ಕಟ್ಟಿ. ಗುತ್ತಿಗೆದಾರನಿಗೆ ಇದು ಇಷ್ಟವಾಗುವುದಿಲ್ಲ, ಖರ್ಚೂ ತುಸು ಹೆಚ್ಚು. ಆದರೆ 18 ತಿಂಗಳ ಕೆಲಸ ನಾಲ್ಕು ವರ್ಷವಾದಾಗ ಅರ್ಧ ಪೇಟೆಯಾದರೂ ಜೀವಂತ ಇರುತ್ತದೆ. ತಡವಾದ ಪ್ರತಿ ತಿಂಗಳಿಗೆ ಗುತ್ತಿಗೆದಾರ ಕಟ್ಟುವ ದಂಡ ನಗರದ ಖಜಾನೆಗೆ ಹೋಗದೆ ವ್ಯಾಪಾರಿಗಳ ಬಾಡಿಗೆಗೆ ವಜಾ ಆಗಲಿ. ನಷ್ಟ ಆಗುತ್ತಿರುವುದು ಅವರಿಗೆ.

ಹೊಸ ಮಾರುಕಟ್ಟೆಗಳು ಖಾಲಿ ಬೀಳಲು ಒಂದು ಕಾರಣ ಪದೇಪದೇ ಕಾಣುತ್ತದೆ: ತರಕಾರಿ, ಹೂವು, ಹಣ್ಣಿನವರನ್ನು ಮೊದಲ ಮಹಡಿಗೆ ಹತ್ತಿಸುವುದು. ಕೈಯಲ್ಲಿ ಚೀಲ ಹಿಡಿದು ದಿನಾ ಬರುವ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಮೇಲಿನವರು ಕೆಳಗಿಳಿದು ಫುಟ್‌ಪಾತಿನಲ್ಲಿ ಕೂರುತ್ತಾರೆ, ಆಗ ಅವರನ್ನು ಒತ್ತುವರಿದಾರರೆಂದು ಎಬ್ಬಿಸುತ್ತಾರೆ. ಬೇಗ ಕೆಡುವ ಸರಕೆಲ್ಲ ನೆಲಮಹಡಿಯಲ್ಲಿರಲಿ. ಜನ ಹುಡುಕಿಕೊಂಡು ಬರುವ ದರ್ಜಿ, ರಿಪೇರಿ, ಕಚೇರಿ, ತರಬೇತಿ ಕೇಂದ್ರ ಮೇಲಿರಲಿ. ನೆಲಮಹಡಿಯ ಓಡಾಟದ ದಾರಿ 3 ಮೀಟರಿಗೆ ಕಡಿಮೆ ಇರಬಾರದು, ತಳ್ಳುಗಾಡಿ ಮತ್ತು ಜನ ಒಟ್ಟಿಗೆ ಹಾಯಬೇಕು. ನೆಲಕ್ಕೆ 80ರಿಂದ 100ಕ್ಕೆ 1ರ ಇಳಿಜಾರು, ತೆಗೆದು ತೊಳೆಯಬಹುದಾದ ಜಾಲರಿ ಮುಚ್ಚಿದ ಕಾಲುವೆ, ಅದು ಒಳಚರಂಡಿ ಸೇರುವ ಮೊದಲು ಕಸ ಹಿಡಿಯುವ ಗುಂಡಿ ಬೇಕು. ನುಣುಪಾದ ಟೈಲ್ಸ್ ಬೇಡ, ಒದ್ದೆಯಾದರೆ ಜಾರುತ್ತದೆ. ಲಾರಿ ನಿಲ್ಲುವ ಜಾಗ ಮತ್ತು ಕಸದ ಕೋಣೆ ನಕ್ಷೆಯಲ್ಲಿ ಇಲ್ಲದಿದ್ದರೆ ಎರಡೂ ಮುಂದಿನ ರಸ್ತೆಗೇ ಬರುತ್ತವೆ. ಬಾಡಿಗೆಯನ್ನು ಮೊದಲ ವರ್ಷ ಹಳೆಯ ಮಟ್ಟದಲ್ಲೇ ಇಟ್ಟು ನಂತರ ಹಂತಹಂತವಾಗಿ ಏರಿಸಿ.

ಕಾರು ನಿಲ್ಲಿಸುವ ಜಾಗದ ಬಗ್ಗೆ ಎರಡು ಮಾತು ಸಾಕು. ಒಂದು ಕಾರಿಗೆ ತಿರುಗುವ ದಾರಿ ಸೇರಿ 25ರಿಂದ 30 ಚದರ ಮೀಟರ್ ಬೇಕು. 100 ಚದರ ಮೀಟರ್ ಅಂಗಡಿಗೆ ಮೂರು ಕಾರಿನ ಜಾಗ ಕಡ್ಡಾಯ ಮಾಡಿದರೆ ಹೆಚ್ಚೂಕಡಿಮೆ ಅಂಗಡಿಯಷ್ಟೇ ನೆಲ ಕಾರಿಗೆ ಹೋಯಿತು. ಅಮೆರಿಕದ ಬಫಲೊ ನಗರ 2017ರಲ್ಲಿ ಇಂಥ ಕಡ್ಡಾಯವನ್ನೇ ಊರಿಡೀ ಕೈಬಿಟ್ಟಿತು.

ಖಾಸಗಿ ಜಮೀನು ಬೇಕಾದಾಗ ವಶಪಡಿಸಿಕೊಳ್ಳುವುದೊಂದೇ ದಾರಿಯಲ್ಲ. ಎಲ್ಲರ ಜಮೀನನ್ನೂ ಒಟ್ಟು ಮಾಡಿ, ರಸ್ತೆ ಮತ್ತು ಉದ್ಯಾನಕ್ಕೆ ತೆಗೆದು, ಉಳಿದದ್ದನ್ನು ಒಳ್ಳೆ ಆಕಾರದ ನಿವೇಶನಗಳಾಗಿ ಅದೇ ಮಾಲೀಕರಿಗೆ ಮರಳಿಸುವ ಪದ್ಧತಿಗೆ 1915ರ ಮುಂಬೈ ಕಾನೂನಿನಲ್ಲೇ ಜಾಗವಿತ್ತು, ಅಹಮದಾಬಾದ್ ಅದನ್ನು ವ್ಯಾಪಕವಾಗಿ ಬಳಸಿದೆ. ಜಪಾನಿನಲ್ಲಿ ಇದಕ್ಕೆಂದೇ 1954ರ ಕಾಯ್ದೆ ಇದೆ. 1,000 ಚದರ ಮೀಟರ್ ಕೊಟ್ಟವರಿಗೆ 600 ಮರಳಿದರೂ ರಸ್ತೆ ಬಂದುದರಿಂದ ಬೆಲೆ ಹೆಚ್ಚಿರುತ್ತದೆ. ಎರಡು ಕಡೆ ಇದು ಎಡವುತ್ತದೆ. ಮೊದಲೇ ಸಣ್ಣದಿದ್ದ ನಿವೇಶನ ಕಟ್ಟಲಾಗದಷ್ಟು ಕುಗ್ಗುತ್ತದೆ, ಅದಕ್ಕೆ ಕನಿಷ್ಠ ಮಿತಿ ಇಡಬೇಕು. ಬಾಡಿಗೆದಾರರಿಗೆ ಜಮೀನೇ ಇಲ್ಲದ್ದರಿಂದ ಅವರ ಹೆಸರು ಎಲ್ಲೂ ಬರುವುದಿಲ್ಲ, ಅದಕ್ಕೆ ಮೇಲೆ ಹೇಳಿದ ಪಟ್ಟಿ ಬೇಕು.

ಕರಾರಿನಲ್ಲಿ ಇಷ್ಟಾದರೂ ಇರಲಿ. ಕಟ್ಟಡ ಪೂರ್ತಿಯಾಗುವವರೆಗೆ ಜಮೀನು ನಗರದ ಹೆಸರಲ್ಲೇ ಇದ್ದು, ಕಟ್ಟುವವರಿಗೆ ಬಳಕೆಯ ಅನುಮತಿ ಮಾತ್ರ ಸಿಗಲಿ. 18 ತಿಂಗಳಲ್ಲಿ ನಿಗದಿಯಾದ ಹಂತ ಮುಟ್ಟದಿದ್ದರೆ ಜಾಗ ತಾನಾಗಿ ಹಿಂದಕ್ಕೆ ಬರಲಿ. ಒಬ್ಬರಿಗೇ ಎಲ್ಲವನ್ನೂ ಕೊಡಬೇಡಿ, ಜಾಗವನ್ನು ಸಣ್ಣ ನಿವೇಶನಗಳಾಗಿ ಮಾಡಿ ಯಾರಿಗೂ ಮೂರನೇ ಒಂದಕ್ಕಿಂತ ಹೆಚ್ಚು ಸಿಗದಂತೆ ನೋಡಿಕೊಳ್ಳಿ. ಮಳಿಗೆಗಳ ಮುಂಗಡ ಹಣ ಪ್ರತ್ಯೇಕ ಖಾತೆಯಲ್ಲಿದ್ದು, ಸ್ವತಂತ್ರ ಎಂಜಿನಿಯರ್ ಅಳತೆ ಮಾಡಿದ ಕೆಲಸಕ್ಕೆ ಮಾತ್ರ ಬಿಡುಗಡೆಯಾಗಲಿ. ಉದ್ಯೋಗ ಕೊಡುತ್ತೇವೆಂದು ತೆರಿಗೆ ರಿಯಾಯಿತಿ ಪಡೆದವರು ವೇತನ ಪಟ್ಟಿ ತೋರಿಸಲಿ, ಎಷ್ಟು ಕೆಲಸ ಕಡಿಮೆಯೋ ಅಷ್ಟು ಪಾಲು ರಿಯಾಯಿತಿ ವಾಪಸಾಗಲಿ. ಕೊಳವೆ ಹಾಕಿದ ಕಂದಕವನ್ನು 150ರಿಂದ 200 ಮಿಲಿಮೀಟರ್ ಪದರಗಳಲ್ಲಿ ಮಣ್ಣು ತುಂಬಿ ಒತ್ತಬೇಕೆಂದೂ ಪ್ರತಿ ಪದರದ ಪರೀಕ್ಷಾ ಫಲಿತಾಂಶ ಬಿಲ್ಲಿನ ಜೊತೆ ಇರಬೇಕೆಂದೂ ಬರೆಯಿರಿ. ಒಮ್ಮೆಗೇ ಮಣ್ಣು ಸುರಿದು ಮುಚ್ಚಿದ್ದರಿಂದಲೇ ಹೊಸ ರಸ್ತೆ ಮೊದಲ ಮಳೆಗೆ ಕುಸಿಯುವುದು. ಕೊನೆಯ ಶೇ. 5 ಹಣ ಬಿಡುಗಡೆಯಾಗುವ ಮೊದಲು, ನಿಜವಾಗಿ ಹಾಕಿದ ಕೊಳವೆ, ಕೇಬಲ್, ಮ್ಯಾನ್‌ಹೋಲುಗಳ ನಕ್ಷೆ ನಗರದ ಕಂಪ್ಯೂಟರಿನಲ್ಲಿ ಸೇರಿರಬೇಕು, ಮುಂದಿನವರು ಮತ್ತೆ ಗುಂಡಿ ತೋಡಿ ಹುಡುಕದಿರಲಿ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಯೋಜನೆ ಮತಕ್ಕೆ ಬರುವ 60 ದಿನ ಮೊದಲು ಪರೀಕ್ಷಾ ಗುಂಡಿಗಳ ವರದಿ, ಮಳೆನೀರು ಮತ್ತು ಒಳಚರಂಡಿಯ ಲೆಕ್ಕ, 30 ವರ್ಷದ ನಿರ್ವಹಣಾ ಹಾಳೆ, ವ್ಯಾಪಾರಿಗಳ ಪಟ್ಟಿ, ಕರಡು ಕರಾರು ಇವೆಲ್ಲ ಜನರ ಭಾಷೆಯಲ್ಲಿ, ಪ್ರತಿ ವಾರ್ಡ್ ಕಚೇರಿಯಲ್ಲಿ ಓದಲು ಸಿಗಲಿ. ಚರಂಡಿಯ ನಿಜವಾದ ಹರಿವು ತಿಳಿಯಲು ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲದ ಅಳತೆ ಬೇಕು, ಅದನ್ನು ಯಾವ ತುರ್ತಿನಿಂದಲೂ ಮೊಟಕು ಮಾಡಲಾಗದು. ಹಾಗಾಗಿ ಉಳಿದ ಚರ್ಚೆ ನಡೆಯುತ್ತಿರಲಿ, ಹರಿವಿನ ಮೀಟರುಗಳನ್ನು ಕೂರಿಸುವ ಆದೇಶಕ್ಕೆ ಮುಂದಿನ ಮಳೆ ಶುರುವಾಗುವ ಮೊದಲೇ ಸಹಿ ಹಾಕಿ.

ಇಂತಿ ತಮ್ಮ ವಿಶ್ವಾಸಿಗಳು,
ನಗರ ಯೋಜನೆ, ಎಂಜಿನಿಯರಿಂಗ್ ಮತ್ತು ಲೆಕ್ಕಪತ್ರದ ಕೆಲಸದಲ್ಲಿರುವವರು